ಸ್ವಾಮಿ ರಾಮಾನಂದ ತೀರ್ಥರ ವಿದ್ಯಾಮಾರ್ಗ

ಭೀಮಾನದಿಯ ಇಕ್ಕೆಲದ ಸೀಮೆಯಲ್ಲಿ ಸ್ವಾಮಿ ರಾಮಾನಂದ ತೀರ್ಥರ ಹೆಸರನ್ನು ಅರಿಯದವರು ವಿರಳ. ಪ್ರತಿವರ್ಷ ಸಪ್ಟೆಂಬರ ೧೭ನೆಯ ದಿನ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಧ್ವಜವೇರಿಸುವಾಗ ಅವರ ಸ್ಮರಣೆ ನಡೆಯುತ್ತದೆ. ಹೈದರಾಬಾದ ಸಂಸ್ಥಾನದ ವಿಮೋಚನೆಗಾಗಿ ಅವರು ಅನುಭವಿಸಿದ ಸೆರೆಮನೆವಾಸವನ್ನೂ ಕೈಗೊಂಡ ಸತ್ಯಾಗ್ರಹಗಳನ್ನೂ ವಕ್ತಾರರು ವರ್ಣಿಸುತ್ತಾರೆ, ಅದು ಯುಕ್ತವೇ. ಆದರೆ ಆ ಮಹನೀಯರು ಯಾವ ಬಾಗಿಲಿನಿಂದ ಉಚ್ಚಶಿಕ್ಷಣವನ್ನು ಪ್ರವೇಶಿಸಿದರು, ಅಲ್ಲಿ ಪಡೆದ ಪದವಿಗೆ ಲೋಕದಲ್ಲಿ ಯಾವ ಬೆಲೆಯಿತ್ತು, ಆ ಪದವಿಯನ್ನು ಹಿಡಿದುಕೊಂಡು ಅವರು ಹೇಗೆ ಬಾಳಿದರು ಎಂಬ ಸಂಗತಿಯನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ನಮ್ಮ ಮಠದ ಪ್ರಸಾದನಿಲಯದಲ್ಲಿ ಉಂಡು ಓದುವ ಮಕ್ಕಳಲ್ಲಿ ಅನೇಕರು ರಾಜಮಾರ್ಗವನ್ನು ಬಿಟ್ಟು ಕಾಲುದಾರಿಗಳಿಂದ ವಿಶ್ವವಿದ್ಯಾಲಯವನ್ನು ಸೇರುವವರಾದುದರಿಂದ, ಈ ಮಹೋತ್ಸವದ ಸಂಪುಟದಲ್ಲಿ ಸ್ವಾಮಿಗಳ ಜೀವಿತದ ಆ ಭಾಗವನ್ನೇ ತುಸು ವಿಸ್ತರಿಸಿ ಬರೆಯಬೇಕೆಂದು ಎಣಿಸಿದ್ದೇನೆ. ಅವರು ನಮ್ಮ ಪರಂಪರೆಯ ಯತಿಗಳಲ್ಲವೆಂಬುದು ನಿಜ. ನಮ್ಮ ಸೀಮೆಯ ಯತಿಗಳೆಂಬುದೂ ಅಷ್ಟೇ ನಿಜ.

ಅವರ ಪೂರ್ವಾಶ್ರಮದ ನಾಮಧೇಯ ವೆಂಕಟೇಶ ಖೇಡಗಿಕರ. ೧೯೦೩ನೆಯ ಅಕ್ಟೋಬರ ೩ನೆಯ ದಿನ ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಜನನ. ಸಿಂದಗಿಯು ಆಗ ಮುಂಬಯಿ ಇಲಾಖೆಗೆ ಸೇರಿದ್ದಿತು. ಅದರ ಮೂಡಲಿಗಿರುವ ಜೇವರ್ಗಿಯೂ ಹೊಳೆಯಾಚೆಯ ಅಫಜಲಪುರವೂ ನಿಜಾಮ ಸರಕಾರದ ಆಳಿಕೆಗೆ ಒಳಪಟ್ಟಿದ್ದವು. ಒಂದೇ ಭಾಷೆ, ಒಂದೇ ಜೋಳದ ರೊಟ್ಟಿ, ಒಂದೇ ಜಾತ್ರೆ. ಆದರೆ ಸರಕಾರ ಎರಡು, ಕಚೇರಿಯ ಭಾಷೆ ಎರಡು, ಶಾಲೆಯ ಕ್ರಮವೂ ಎರಡು. ಈ ಭೇದವನ್ನು ಮನಸ್ಸಿನಲ್ಲಿಡದೆ ಅಂದಿನ ವಿದ್ಯಾರ್ಥಿಯ ಕಷ್ಟವನ್ನು ತಿಳಿಯಲಾಗದು. ನಿಜಾಮ ಸೀಮೆಯ ಹುಡುಗನಿಗೆ ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ದೊರೆಯಿತಾದರೂ ಅಲ್ಲಿಯ ಬೋಧನೆಯೆಲ್ಲ ಉರ್ದುವಿನಲ್ಲಿ. ದೇಶಭಾಷೆಯೊಂದರಲ್ಲಿ ಶಾಸ್ತ್ರಗಳನ್ನೆಲ್ಲ ಕಲಿಸಲು ಹೊರಟ ಆ ಸಾಹಸವು ದೊಡ್ಡದೇ, ಅದನ್ನು ನಾನು ಹಗುರಾಗಿ ಕಾಣುವವನಲ್ಲ. ಆದರೆ ಕನ್ನಡ ಮನೆಯ ಮಗುವಿಗೆ ಆ ದೇಶಭಾಷೆಯು ತನ್ನದಾಗಿರಲಿಲ್ಲ. ಹೈದರಾಬಾದಿನ ನಿಜಾಮ ಕಾಲೇಜು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಅಲ್ಲಿ ಇಂಗ್ಲಿಷಿನ ಪಾಠ. ಅದು ಸಿರಿವಂತರ ಮಕ್ಕಳ ಕಾಲೇಜೆಂದು ಹೆಸರಾಗಿದ್ದಿತು. ಮೂರನೆಯ ದಾರಿಯೆಂದರೆ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋಗಿ, ಮುಂಬಯಿ ವಿಶ್ವವಿದ್ಯಾಲಯದ ಮ್ಯಾಟ್ರಿಕ್ ಪರೀಕ್ಷೆ ಮುಗಿಸಿ, ಅಲ್ಲಿಂದ ಪುಣೆಯನ್ನೋ ಮುಂಬಯಿಯನ್ನೋ ಸೇರುವುದು. ಧಾರವಾಡದ ಕರ್ನಾಟಕ ಕಾಲೇಜು ೧೯೧೭ರಲ್ಲಿ ಆರಂಭವಾದ ಬಳಿಕ ಅತ್ತ ಹೋದವರೂ ಉಂಟು.

ವೆಂಕಟೇಶನು ಸೊಲ್ಲಾಪುರದ ದಾರಿಯನ್ನು ಹಿಡಿದನು. ಅಲ್ಲಿಯ ಪ್ರೌಢಶಾಲೆಯಲ್ಲಿ ಓದುತ್ತಿರುವಾಗ, ೧೯೨೦ನೆಯ ಆಗಸ್ಟ್ ೧ನೆಯ ದಿನ ಲೋಕಮಾನ್ಯ ತಿಲಕರು ದೇಹವಿಟ್ಟ ವಾರ್ತೆ ಬಂದಿತು. ಹದಿನಾರು ದಾಟಿ ಹದಿನೇಳು ತುಂಬದ ಆ ಬಾಲಕನು ತಾನು ಆಜನ್ಮ ಬ್ರಹ್ಮಚಾರಿಯಾಗಿದ್ದು ಮಾತೃಭೂಮಿಯ ಸೇವೆಗೆ ಬಾಳನ್ನು ಮೀಸಲಿಡುವೆನೆಂದು ಸಂಕಲ್ಪಿಸಿದನು. ಆ ವಯಸ್ಸಿನಲ್ಲಿ ಸಂಕಲ್ಪಗಳು ಹಲವು ಹುಟ್ಟುತ್ತವೆ, ಮಳೆಗಾಲದ ಹುಲ್ಲಿನಂತೆ ಒಣಗುತ್ತವೆ. ಇದು ಐವತ್ತೊಂದು ವರ್ಷ ಒಣಗಲಿಲ್ಲ.

ಅದೇ ವರ್ಷದ ಸಪ್ಟೆಂಬರದಲ್ಲಿ ಕಲಕತ್ತೆಯ ವಿಶೇಷಾಧಿವೇಶನವೂ ಡಿಸೆಂಬರದಲ್ಲಿ ನಾಗಪುರದ ಅಧಿವೇಶನವೂ ಅಸಹಕಾರದ ನಿರ್ಣಯವನ್ನು ಅಂಗೀಕರಿಸಿದವು. ಸರಕಾರದ ಶಾಲೆ ಕಾಲೇಜುಗಳನ್ನು ಬಿಡತಕ್ಕದ್ದೆಂಬುದು ಅದರ ಒಂದು ಅಂಗ. ವಕೀಲನು ಕೋರ್ಟನ್ನು ಬಿಟ್ಟರೆ ಅವನ ಹಿಂದಿನ ಗಳಿಕೆಯಾದರೂ ಇರುತ್ತದೆ. ವಿದ್ಯಾರ್ಥಿಯು ಶಾಲೆಯನ್ನು ಬಿಟ್ಟರೆ ಮುಂದಿನ ಗಳಿಕೆಯೇ ಹೋಗುತ್ತದೆ. ಮನೆಯವರು ಹೊಲವನ್ನು ಒತ್ತೆಯಿಟ್ಟು ಮಗನನ್ನು ಮ್ಯಾಟ್ರಿಕ್ಕಿನವರೆಗೆ ತಂದಿರುವ ಸಂಸಾರದಲ್ಲಿ ಆ ತ್ಯಾಗದ ತೂಕ ಎಷ್ಟೆಂಬುದನ್ನು ಹಳ್ಳಿಯಿಂದ ಬಂದವರಿಗೆ ಹೇಳಬೇಕಾಗಿಲ್ಲ. ವೆಂಕಟೇಶನು ಸರಕಾರೀ ಶಿಕ್ಷಣವನ್ನು ಬಿಟ್ಟನು.

ಬಿಟ್ಟವರಿಗೆ ಬೇರೊಂದು ನೆಲೆಯನ್ನು ಕಲ್ಪಿಸಲೆಂದು ದೇಶದಲ್ಲಿ ಆಗ ರಾಷ್ಟ್ರೀಯ ವಿದ್ಯಾಪೀಠಗಳು ತಲೆಯೆತ್ತಿದವು. ೧೯೨೦ರ ಅಕ್ಟೋಬರದಲ್ಲಿ ಅಹಮದಾಬಾದಿನ ಗುಜರಾತ ವಿದ್ಯಾಪೀಠ, ಅದೇ ತಿಂಗಳು ಅಲಿಗಢದಲ್ಲಿ ಜಾಮಿಯಾ ಮಿಲ್ಲಿಯಾ, ೧೯೨೧ರಲ್ಲಿ ಕಾಶಿ ವಿದ್ಯಾಪೀಠ, ಬಿಹಾರ ವಿದ್ಯಾಪೀಠ ಮತ್ತು ಪುಣೆಯಲ್ಲಿ ತಿಲಕ ಮಹಾರಾಷ್ಟ್ರ ವಿದ್ಯಾಪೀಠ. ಇವುಗಳಿಗೆ ಸರಕಾರದ ಸನ್ನದು ಇರಲಿಲ್ಲ. ಅದನ್ನು ಬೇಡಿರಲೂ ಇಲ್ಲ. ಕಟ್ಟಡ ಸ್ವಲ್ಪ, ಪುಸ್ತಕ ಸ್ವಲ್ಪ, ಗುರುಗಳಿಗೆ ವೇತನ ಹೆಸರಿಗೆ ಮಾತ್ರ. ಅಲ್ಲಿ ಪದವಿ ಪಡೆದವನು ಸರಕಾರೀ ನೌಕರಿಗೆ ಅರ್ಹನಲ್ಲ. ಸನ್ನದು ಪಡೆದ ವಿಶ್ವವಿದ್ಯಾಲಯಗಳು ಅವನ ಪ್ರಮಾಣಪತ್ರವನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಒಮ್ಮೆ ಆ ಬಾಗಿಲಿನಿಂದ ಒಳಹೊಕ್ಕವನಿಗೆ ಈ ಕಡೆಯ ಬಾಗಿಲು ಮುಚ್ಚಿದಂತೆಯೇ.

ವೆಂಕಟೇಶನು ಮೊದಲು ಖಾನದೇಶದ ಅಮಳನೇರದ ರಾಷ್ಟ್ರೀಯ ಶಾಲೆಯಲ್ಲಿ ಓದಿ, ಬಳಿಕ ಪುಣೆಗೆ ಬಂದು ತಿಲಕ ಮಹಾರಾಷ್ಟ್ರ ವಿದ್ಯಾಪೀಠವನ್ನು ಸೇರಿದನು. ಸಿಂದಗಿಯಿಂದ ಅಮಳನೇರವು ಎಷ್ಟು ದೂರವೆಂಬುದನ್ನು ನಕಾಶೆಯಲ್ಲಿ ನೋಡಿದರೆ ವಾಚಕರಿಗೆ ಆಶ್ಚರ್ಯವಾದೀತು. ತಪತೀ ನದಿಯ ಪ್ರಾಂತ ಅದು. ಸರಕಾರೀ ಶಾಲೆಯು ಊರಿನ ಹತ್ತಿರವೇ ಇರುವಾಗ ಸರಕಾರದ್ದಲ್ಲದ ಶಾಲೆಯನ್ನು ಅರಸಿಕೊಂಡು ಅಷ್ಟು ದೂರ ಅಲೆಯಬೇಕಾಯಿತು. ಪುಣೆಯಲ್ಲಿ ಅವರು ಪದವಿಯನ್ನು ಮುಗಿಸಿ, ಅಲ್ಲಿಗೆ ನಿಲ್ಲದೆ ಎಂ.ಎ. ಪದವಿಯ ಅಭ್ಯಾಸವನ್ನೂ ಪೂರೈಸಿದರು. ಆ ಪದವಿಗಾಗಿ ಬರೆದ ಪ್ರಬಂಧದ ವಿಷಯವು ಪ್ರಜಾಪ್ರಭುತ್ವದ ವಿಕಾಸ. ಪ್ರಜೆಗೆ ಯಾವ ಅಧಿಕಾರವೂ ಇಲ್ಲದ ಸಂಸ್ಥಾನದ ಅಂಚಿನಿಂದ ಬಂದ ತರುಣನು ಆ ವಿಷಯವನ್ನೇ ಆರಿಸಿಕೊಂಡುದನ್ನು ಗಮನಿಸಬೇಕು. ಆ ಪ್ರಬಂಧದಿಂದ ಅವರಿಗೆ ಒಂದು ಗುಮಾಸ್ತೆಯ ಹುದ್ದೆಯೂ ದೊರೆಯುವಂತಿರಲಿಲ್ಲ. ಹನ್ನೆರಡು ವರ್ಷಗಳ ತರುವಾಯ ಅದೇ ವಿಷಯವು ಅವರ ಬಾಳಿನ ಕಾರ್ಯವಾಯಿತು.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಇಂಥ ವಿದ್ಯಾಪೀಠಗಳ ಚರಿತ್ರೆಯನ್ನು ಬರೆಯುವವರು ಗೆದ್ದವರ ಹೆಸರುಗಳನ್ನಷ್ಟೇ ಪೋಣಿಸುವುದು ವಾಡಿಕೆ. ಕಾಶಿ ವಿದ್ಯಾಪೀಠದಲ್ಲಿ ೧೯೨೫ರಲ್ಲಿ ಶಾಸ್ತ್ರಿ ಎಂಬ ಪದವಿಯನ್ನು ಪಡೆದ ಲಾಲ ಬಹಾದ್ದೂರರು ಆ ಪದವಿಯನ್ನೇ ಹೆಸರಿನ ಭಾಗವಾಗಿ ಮಾಡಿಕೊಂಡು ೧೯೬೪ರಲ್ಲಿ ದೇಶದ ಪ್ರಧಾನಮಂತ್ರಿಗಳಾದರು. ಅಲಿಗಢದ ಕಾಲೇಜನ್ನು ಬಿಟ್ಟು ಜಾಮಿಯಾದ ಸ್ಥಾಪನೆಯಲ್ಲಿ ಸೇರಿದ ಜಾಕಿರ ಹುಸೇನರು ೧೯೬೭ರಲ್ಲಿ ರಾಷ್ಟ್ರಪತಿಗಳಾದರು. ಈ ಇಬ್ಬರು ಹೆಮ್ಮೆಗೆ ಪಾತ್ರರೇ ಸರಿ. ಆದರೆ ೧೯೨೨ನೆಯ ಫೆಬ್ರುವರಿಯಲ್ಲಿ ಅಸಹಕಾರವು ನಿಂತುಹೋದ ಮೇಲೆ ಬಹುಮಂದಿ ವಿದ್ಯಾರ್ಥಿಗಳು ತಲೆತಗ್ಗಿಸಿಕೊಂಡು ಹಿಂದಿನ ಕಾಲೇಜುಗಳಿಗೇ ಮರಳಿದರು. ಮರಳಲು ಹಣವೂ ವಯಸ್ಸೂ ಇಲ್ಲದವರು ಅತ್ತ ಇತ್ತ ಎರಡೂ ಇಲ್ಲದೆ ಊರಿನ ದಾರಿ ಹಿಡಿದರು. ಅವರ ಹೆಸರುಗಳು ಯಾವ ಗ್ರಂಥದಲ್ಲಿಯೂ ಇಲ್ಲ. ಹೊಸ ಬಾಗಿಲನ್ನು ತೆರೆಯುವವರು ಒಳಗೆ ಬಂದವನ ಊಟ, ವಸತಿ, ಮುಂದಿನ ಉದ್ಯೋಗ ಇವುಗಳ ಚಿಂತೆಯನ್ನೂ ಹೊರತಕ್ಕದ್ದು. ೧೯೨೧ರಲ್ಲಿ ಆ ಚಿಂತೆಯು ಸಾಕಷ್ಟು ನಡೆಯಲಿಲ್ಲವೆಂದೇ ನನ್ನ ಅಭಿಪ್ರಾಯ. ಆ ವಿದ್ಯಾಪೀಠಗಳಿಗೆ ವಿಶ್ವವಿದ್ಯಾಲಯದ ಮಾನ್ಯತೆ ದೊರೆತುದೂ ಬಹಳ ತಡವಾಗಿ: ಜಾಮಿಯಾಕ್ಕೆ ೧೯೬೨ರಲ್ಲಿ, ಗುಜರಾತ ವಿದ್ಯಾಪೀಠಕ್ಕೆ ೧೯೬೩ರಲ್ಲಿ, ತಿಲಕ ಮಹಾರಾಷ್ಟ್ರ ವಿದ್ಯಾಪೀಠಕ್ಕೆ ೧೯೮೭ರಲ್ಲಿ. ಅಷ್ಟರಲ್ಲಿ ವೆಂಕಟೇಶ ಖೇಡಗಿಕರರು ಸನ್ಯಾಸಿಯಾಗಿ, ಲೋಕನಾಯಕರಾಗಿ, ಸಮಾಧಿಸ್ಥರಾಗಿ ಹದಿನೈದು ವರ್ಷಗಳು ಕಳೆದಿದ್ದವು.

ಪದವಿಯನ್ನು ಮುಗಿಸಿದ ಮೇಲೆ ಅವರು ಕಾರ್ಮಿಕರ ಮುಖಂಡರಾದ ಎನ್.ಎಂ. ಜೋಶಿಯವರ ಕಾರ್ಯದರ್ಶಿಯಾಗಿ ಕೆಲಸಮಾಡಿದರು. ಜೋಶಿಯವರು ದಿಲ್ಲಿಯ ಕೇಂದ್ರ ಶಾಸನಸಭೆಯಲ್ಲಿ ಕಾರ್ಮಿಕರ ಪರವಾಗಿ ಕುಳಿತವರು. ಗಿರಣಿ ಕೂಲಿಕಾರರ ಬದುಕು, ಸಂಘದ ಲೆಕ್ಕಪತ್ರ, ಸಭೆಯ ನಡಾವಳಿ ಇವನ್ನೆಲ್ಲ ವೆಂಕಟೇಶರು ಅಲ್ಲಿ ಕಣ್ಣಾರೆ ಕಂಡು ಕಲಿತರು. ಆಮೇಲೆ ತೀವ್ರವಾದ ವ್ಯಾಧಿಯು ಅವರನ್ನು ಹಾಸಿಗೆಗೆ ತಂದಿತು. ಚೇತರಿಸಿಕೊಂಡ ಮೇಲೆ ಅವರು ಮರಳಿದುದು ಪಟ್ಟಣಕ್ಕಲ್ಲ, ಹಳ್ಳಿಯ ಶಾಲೆಗೆ. ಆಳಂದದ ಬಡಗಲಿಗೆ ತಗಲಿರುವ ಉಸ್ಮಾನಾಬಾದ, ಈಗಿನ ಧಾರಾಶಿವ, ಜಿಲ್ಲೆಯ ಹಿಪ್ಪರಗಾ ಗ್ರಾಮದಲ್ಲಿ ೧೯೨೧ರಲ್ಲಿ ಹುಟ್ಟಿದ ರಾಷ್ಟ್ರೀಯ ಶಾಲೆಯೊಂದಿದ್ದಿತು. ನಿಜಾಮ ಸೀಮೆಯೊಳಗೆ ಮಾತೃಭಾಷೆಯಲ್ಲಿ ಕಲಿಸುವ ಖಾಸಗೀ ಶಾಲೆಯನ್ನು ನಡೆಸುವುದೆಂದರೆ ಹಗ್ಗದ ಮೇಲಿನ ನಡಿಗೆ. ವೆಂಕಟೇಶರು ಅದರ ಮುಖ್ಯಾಧ್ಯಾಪಕರಾದರು. ಮನ್ನಣೆಯಿಲ್ಲದ ಪದವಿಗೆ ಮನ್ನಣೆಯಿತ್ತ ಸ್ಥಳವೆಂದರೆ ಇಂಥ ಶಾಲೆಯೇ. ರಾಷ್ಟ್ರೀಯ ವಿದ್ಯಾಪೀಠಗಳಿಂದ ಹೊರಬಂದ ಅನೇಕರು ಅಧ್ಯಾಪನವನ್ನೇ ಆಶ್ರಯಿಸಿದುದಕ್ಕೆ ಇದೂ ಒಂದು ಕಾರಣ.

ಹಿಪ್ಪರಗಾದಲ್ಲಿದ್ದಾಗಲೇ, ೧೯೩೨ನೆಯ ಜನವರಿಯಲ್ಲಿ ಅವರು ಸನ್ಯಾಸವನ್ನು ಸ್ವೀಕರಿಸಿದರು. ದೀಕ್ಷೆಯನ್ನಿತ್ತವರು ಸ್ವಾಮಿ ರಾಮತೀರ್ಥರ ಶಿಷ್ಯರಾದ ನಾರಾಯಣಸ್ವಾಮಿಗಳು. ರಾಮತೀರ್ಥರಾದರೋ ಲಾಹೋರಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದು ಎಲ್ಲವನ್ನೂ ಬಿಟ್ಟು ಹೊರಟು, ೧೯೦೬ರಲ್ಲಿ ಗಂಗೆಯಲ್ಲಿ ಕಣ್ಮರೆಯಾದವರು. ಹೀಗೆ ವಿಶ್ವವಿದ್ಯಾಲಯದೊಳಗಿನಿಂದ ಹೊರಗೆ ನಡೆದ ಒಬ್ಬರ ಪರಂಪರೆಯಲ್ಲಿ, ವಿಶ್ವವಿದ್ಯಾಲಯದ ಹೊರಗಿನಿಂದಲೇ ವಿದ್ಯೆಯನ್ನು ಪಡೆದ ಮತ್ತೊಬ್ಬರು ರಾಮಾನಂದ ತೀರ್ಥರೆಂಬ ನಾಮವನ್ನು ಧರಿಸಿದರು. ಸನ್ಯಾಸಿಯಾದ ಮೇಲೆ ಪಾಠವನ್ನು ನಿಲ್ಲಿಸಲಿಲ್ಲ. ಕಾವಿಯನ್ನುಟ್ಟು ಕರಿಹಲಗೆಯ ಮುಂದೆ ನಿಂತರು. ಯತಿಯು ಜಪತಪಗಳಲ್ಲಿರಬೇಕಲ್ಲದೆ ಇತಿಹಾಸವನ್ನೂ ಇಂಗ್ಲಿಷನ್ನೂ ಕಲಿಸುವುದೇಕೆಂಬ ಆಕ್ಷೇಪಕ್ಕೆ ನಮ್ಮ ನಾಡಿನ ಮಠಗಳು ಸಾವಿರಾರು ಮಕ್ಕಳಿಗೆ ಅನ್ನವಿಟ್ಟು ಅಕ್ಷರ ಕಲಿಸಿ ಉತ್ತರ ಕೊಟ್ಟಿವೆ; ಅದನ್ನು ಇಲ್ಲಿ ಬೆಳೆಸುವುದಿಲ್ಲ.

೧೯೩೫ರಲ್ಲಿ ಅವರು ಮೊಮಿನಾಬಾದ ಎಂದು ಆಗ ಕರೆಯಿಸಿಕೊಳ್ಳುತ್ತಿದ್ದ ಅಂಬಾಜೋಗಾಯಿಗೆ ಹೋಗಿ ಅಲ್ಲಿಯ ಯೋಗೇಶ್ವರೀ ವಿದ್ಯಾಲಯವನ್ನು ಬೆಳೆಯಿಸಿದರು. ಮೂರು ವರ್ಷಗಳಲ್ಲಿ ರಾಜಕಾರಣವು ಅವರನ್ನು ಎಳೆದುಕೊಂಡಿತು. ೧೯೩೮ರಲ್ಲಿ ಹೈದರಾಬಾದ ಸ್ಟೇಟ್ ಕಾಂಗ್ರೆಸ್ ಸಂಸ್ಥೆಯು ಕಣ್ತೆರೆಯುವ ಮೊದಲೇ ಸರಕಾರದಿಂದ ನಿಷೇಧಿತವಾಯಿತು. ಅಕ್ಟೋಬರದಲ್ಲಿ ಸತ್ಯಾಗ್ರಹ ನಡೆಯಿತು. ಸ್ವಾಮಿಗಳು ಸೆರೆಮನೆಗೆ ಹೋದರು.

ಅವರು ಸೆರೆಯಲ್ಲಿದ್ದಾಗ ಹೊರಗೆ ನಡೆದ ಒಂದು ಸಂಗತಿಯು ಈ ಲೇಖನದ ವಿಷಯಕ್ಕೆ ಬಹು ಸಮೀಪವಾದುದು. ಆ ಚಳಿಗಾಲದಲ್ಲಿ ಔರಂಗಾಬಾದಿನ ಕಾಲೇಜಿನಲ್ಲಿಯೂ ಹೈದರಾಬಾದಿನ ಉಸ್ಮಾನಿಯಾದಲ್ಲಿಯೂ ವಿದ್ಯಾರ್ಥಿಗಳು ವಸತಿಗೃಹದ ಪ್ರಾರ್ಥನೆಯಲ್ಲಿ ವಂದೇ ಮಾತರಂ ಹಾಡುವುದನ್ನು ಅಧಿಕಾರಿಗಳು ನಿಷೇಧಿಸಿದರು. ಕೇಳದ ವಿದ್ಯಾರ್ಥಿಗಳನ್ನು ನೂರಾರು ಸಂಖ್ಯೆಯಲ್ಲಿ ಹೊರಹಾಕಿದರು. ಹದಿನೆಂಟು ವರ್ಷಗಳ ಹಿಂದೆ ಇದ್ದಂತೆ ಆ ಹುಡುಗರನ್ನು ಕೂಡಿಸಿಕೊಳ್ಳಲು ಹೊಸ ವಿದ್ಯಾಪೀಠವೊಂದು ಹುಟ್ಟಲಿಲ್ಲ. ಆದರೆ ನಾಗಪುರ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಟಿ.ಜೆ. ಕೇದಾರರು ತಮ್ಮಲ್ಲಿ ಅವರಿಗೆ ಪ್ರವೇಶವನ್ನು ಕೊಡಿಸಿದರು. ಮಧ್ಯದಲ್ಲಿ ಕಡಿದುಹೋದ ಓದನ್ನು ಬೇರೊಂದು ಪ್ರಾಂತದಲ್ಲಿ, ಬೇರೊಂದು ಮಾಧ್ಯಮದಲ್ಲಿ ಹಿಡಿದುಕೊಳ್ಳುವುದು ಸುಲಭವಲ್ಲ: ಉರ್ದುವಿನಲ್ಲಿ ಕಲಿತ ಗಣಿತವನ್ನು ಇಂಗ್ಲಿಷಿನಲ್ಲಿ ಒಪ್ಪಿಸಬೇಕು. ಹಾಗೆ ನಾಗಪುರಕ್ಕೆ ಹೋದವರಲ್ಲಿ ಪಿ.ವಿ. ನರಸಿಂಹರಾಯರೊಬ್ಬರು. ಅವರು ಮುಂದೆ ರಾಮಾನಂದ ತೀರ್ಥರ ಅನುಯಾಯಿಗಳಾಗಿ, ೧೯೯೧ರಲ್ಲಿ ಪ್ರಧಾನಮಂತ್ರಿಗಳಾದರು. ೧೯೨೧ರ ಮತ್ತು ೧೯೩೮ರ ವಿದ್ಯಾರ್ಥಿಗಳ ಗತಿಯನ್ನು ತೂಗಿ ನೋಡಿದರೆ, ಎರಡನೆಯವರಿಗೆ ನಡುನೀರಿನಲ್ಲಿ ಕೈಹಿಡಿದ ಒಂದು ವಿಶ್ವವಿದ್ಯಾಲಯವಿದ್ದಿತೆಂಬುದೇ ಭೇದ. ಬಿಟ್ಟ ಧೈರ್ಯ ಇಬ್ಬರದೂ ಒಂದೇ.

ಮುಂದಿನ ಕಥೆ ಸರ್ವವಿದಿತ, ಸಂಕ್ಷೇಪಿಸುತ್ತೇನೆ. ೧೯೪೦ರಲ್ಲಿ ಮತ್ತು ೧೯೪೨ರಲ್ಲಿ ಪುನಃ ಬಂಧನ. ೧೯೪೬ರಲ್ಲಿ ನಿಷೇಧವು ಹೋದ ಬಳಿಕ ಸ್ಟೇಟ್ ಕಾಂಗ್ರೆಸ್ಸಿನ ಅಧ್ಯಕ್ಷತೆ. ೧೯೪೭ನೆಯ ಆಗಸ್ಟ್ ೭ನೆಯ ದಿನವನ್ನು ಭಾರತ ಒಕ್ಕೂಟ ಸೇರುವ ದಿನವೆಂದು ಆಚರಿಸಿ, ಆ ತಿಂಗಳಲ್ಲಿಯೇ ಸೆರೆ. ನವೆಂಬರದ ಕೊನೆಗೆ ಬಿಡುಗಡೆ. ೧೯೪೮ರ ಜನವರಿಯಲ್ಲಿ ಮತ್ತೆ ಸೆರೆ. ಗಡಿಯುದ್ದಕ್ಕೂ ಶಿಬಿರಗಳೆದ್ದವು, ಮುಂಡರಗಿಯ ಶಿಬಿರದ ನಾಯಕತ್ವವನ್ನು ಅಳವಂಡಿಯ ಶಿವಮೂರ್ತಿಸ್ವಾಮಿಗಳು ವಹಿಸಿದುದು ನಮ್ಮವರಿಗೆ ಗೊತ್ತಿದ್ದದ್ದೇ. ಸಪ್ಟೆಂಬರ ೧೩ರಂದು ಭಾರತದ ಸೇನೆಯು ಪ್ರವೇಶಿಸಿ ೧೭ರಂದು ಕಾರ್ಯವು ಮುಗಿದ ಮೇಲೆ ಸ್ವಾಮಿಗಳು ಹೊರಬಂದರು. ೧೯೫೨ರ ಮೊದಲನೆಯ ಮಹಾಚುನಾವಣೆಯಲ್ಲಿ ಗುಲಬರ್ಗಾ ಕ್ಷೇತ್ರದ ಜನರು ಅವರನ್ನು ಲೋಕಸಭೆಗೆ ಕಳುಹಿಸಿದರು. ಪ್ರಜಾಪ್ರಭುತ್ವದ ವಿಕಾಸವನ್ನು ಕುರಿತು ಬರೆದ ವಿದ್ಯಾರ್ಥಿಯು ತನ್ನ ಹುಟ್ಟುಸೀಮೆಯ ಮತದಿಂದ ಆ ಸಭೆಯಲ್ಲಿ ಕುಳಿತನು. ಹೈದರಾಬಾದ ಸಂಸ್ಥಾನವನ್ನು ಭಾಷಾನುಗುಣವಾಗಿ ವಿಂಗಡಿಸಬೇಕೆಂದು ಅವರು ಹಠಹಿಡಿದವರು. ೧೯೫೬ನೆಯ ನವೆಂಬರ ೧ರಂದು ಗುಲಬರ್ಗಾ, ರಾಯಚೂರು, ಬೀದರ ಪ್ರದೇಶಗಳು ಮೈಸೂರು ರಾಜ್ಯವನ್ನು ಸೇರಿದವು.

ಅದರ ಫಲವನ್ನು ಇಂದು ನಮ್ಮ ಮಕ್ಕಳು ಉಣ್ಣುತ್ತಿದ್ದಾರೆ. ೧೯೮೦ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, ೨೦೦೯ರಲ್ಲಿ ಆಳಂದ ತಾಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ. ಸಂವಿಧಾನದ ತೊಂಬತ್ತೆಂಟನೆಯ ತಿದ್ದುಪಡಿಯಿಂದ ೩೭೧ (ಜೆ) ಎಂಬ ವಿಧಿಯು ಸೇರಿ, ರಾಜ್ಯದ ಶಿಕ್ಷಣಸಂಸ್ಥೆಗಳಲ್ಲಿ ಈ ಪ್ರದೇಶದ ಸ್ಥಳೀಯರಿಗೆ ಪ್ರವೇಶದ ಮೀಸಲು ಭಾಗವು ದೊರೆತಿದೆ: ಪ್ರದೇಶದೊಳಗೆ ನೂರಕ್ಕೆ ೭೦, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ ೮. ಅಫಜಲಪುರದ ಕಬ್ಬಿನ ಗದ್ದೆಯಿಂದಲೋ ಜೇವರ್ಗಿಯ ತೊಗರಿಯ ಹೊಲದಿಂದಲೋ ಬಂದ ಹುಡುಗಿಯೊಬ್ಬಳು ಆ ವಿಧಿಯ ಬಲದಿಂದ ವೈದ್ಯಕಾಲೇಜನ್ನು ಸೇರಿದಾಗ, ಅವಳು ಬೇರೆ ಬಾಗಿಲಿನಿಂದ ಬಂದವಳೆಂದು ಪಕ್ಕದವರು ಪಿಸುಗುಟ್ಟುವುದುಂಟು. ಪ್ರಸಾದನಿಲಯಕ್ಕೆ ರಜೆಯಲ್ಲಿ ಬಂದ ಮಕ್ಕಳ ಬಾಯಿಂದ ಇದನ್ನು ನಾನು ಕೇಳಿದ್ದೇನೆ. ಮೊದಲ ವರ್ಷ ಇಂಗ್ಲಿಷಿನ ಪಾಠವು ತಿಳಿಯದೆ ರಾತ್ರಿಯೆಲ್ಲ ಶಬ್ದಕೋಶವನ್ನು ತಿರುವಿದ್ದನ್ನೂ, ಮೂರನೆಯ ವರ್ಷ ಅದೇ ಪಕ್ಕದವರು ಟಿಪ್ಪಣಿಯನ್ನು ಕೇಳಲು ಬಂದದ್ದನ್ನೂ ಒಬ್ಬಳು ಹೇಳಿದಳು. ಎಲ್ಲರ ಕಥೆಯೂ ಹಾಗಿಲ್ಲ. ಒಂದು ವರ್ಷದಲ್ಲಿಯೇ ಹಾಸಿಗೆ ಪೆಟ್ಟಿಗೆ ಕಟ್ಟಿಕೊಂಡು ಮರಳಿ ಬಂದವರನ್ನೂ ನಾನು ಬಲ್ಲೆ. ಅವರಲ್ಲಿ ಬುದ್ಧಿಗಿಂತ ಹೆಚ್ಚಾಗಿ ಕೈಯಲ್ಲಿನ ಹಣ ಮುಗಿದಿದ್ದಿತು.

ಈ ಲೇಖಕನೂ ಪಾಠಶಾಲೆಯ ಹುಲ್ಲುಚಾಪೆಯ ಮೇಲೆ ಕುಳಿತು ಕಲಿತವನು. ವ್ಯಾಕರಣವನ್ನೂ ಕಾವ್ಯವನ್ನೂ ಹನ್ನೊಂದು ವರ್ಷ ಓದಿದ ಬಳಿಕ ಹೊರಗಿನ ಅಭ್ಯರ್ಥಿಯಾಗಿ ಪದವಿ ಪರೀಕ್ಷೆಗೆ ಕೂಡಲು ಹೋದಾಗ, ಒಂದು ಕಚೇರಿಯ ಗುಮಾಸ್ತರು ನನ್ನ ಪ್ರಮಾಣಪತ್ರವನ್ನು ಬೆಳಕಿಗೆ ಹಿಡಿದು ನೋಡಿ, ಇಂಥದನ್ನು ತಾವು ಕಂಡಿಲ್ಲವೆಂದು ಎರಡು ಸಾರಿ ಹಿಂದಿರುಗಿಸಿದರು. ಮೂರನೆಯ ಸಾರಿ ಗುರುಗಳೇ ಜೊತೆಗೆ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಸಂಜೆಯವರೆಗೆ ಕುಳಿತರು. ಅರ್ಜಿಯು ಸ್ವೀಕೃತವಾಯಿತು. ಸ್ವಾಮಿಗಳ ಚರಿತ್ರೆಯ ಈ ಭಾಗವನ್ನು ನಾನು ಮತ್ತೆ ಮತ್ತೆ ಓದುವುದಕ್ಕೆ ಅದೂ ಕಾರಣವಿರಬಹುದು.

ಸ್ವಾಮಿಗಳು ೧೯೫೭ರಲ್ಲಿ ಔರಂಗಾಬಾದಿನಿಂದ ಲೋಕಸಭೆಗೆ ಆಯ್ಕೆಯಾದರು. ಆ ಅವಧಿ ಮುಗಿದ ಬಳಿಕ ಅಧಿಕಾರದ ರಾಜಕಾರಣದಿಂದ ದೂರ ಸರಿದರು. ಮಂತ್ರಿಪದವಿಯನ್ನು ಎಂದೂ ಹಿಡಿಯಲಿಲ್ಲ. ೧೯೬೭ರಲ್ಲಿ ಹೈದರಾಬಾದಿನ ಸ್ವಾತಂತ್ರ್ಯ ಹೋರಾಟದ ಸ್ಮೃತಿಗಳನ್ನು ಇಂಗ್ಲಿಷಿನಲ್ಲಿ ಗ್ರಂಥರೂಪಕ್ಕೆ ತಂದರು. ೧೯೭೨ನೆಯ ಜನವರಿ ೨೨ರಂದು ಹೈದರಾಬಾದಿನಲ್ಲಿ ದೇಹವಿಟ್ಟರು. ಅವರ ಸ್ಮಾರಕವು ಬೇಗಂಪೇಟೆಯಲ್ಲಿದೆ. ಅವರು ಪಾಠ ಹೇಳಿದ ಅಂಬಾಜೋಗಾಯಿಯ ಗ್ರಾಮೀಣ ವೈದ್ಯಕೀಯ ಕಾಲೇಜಿಗೆ ಅವರ ಹೆಸರನ್ನಿಟ್ಟಿದ್ದಾರೆ. ೧೯೯೪ನೆಯ ಸಪ್ಟೆಂಬರ ೧೭ರಂದು ನಾಂದೇಡದಲ್ಲಿ ಸ್ವಾಮಿ ರಾಮಾನಂದ ತೀರ್ಥ ಮರಾಠವಾಡಾ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ನಾಂದೇಡ, ಲಾತೂರ, ಪರಭಣಿ, ಹಿಂಗೋಲಿ ಜಿಲ್ಲೆಗಳ ವಿದ್ಯಾರ್ಥಿಗಳು ಅಲ್ಲಿ ಪದವಿಗಳನ್ನು ಪಡೆಯುತ್ತಾರೆ. ಗಡಿಯ ದೇಗಲೂರಿನ ಕಡೆಯ ಕನ್ನಡ ಮನೆಗಳ ಮಕ್ಕಳೂ ಅವರಲ್ಲಿ ಇದ್ದಾರ‍ೆ.